ಮುಳ್ಳಿರುವೆ ಗುರುತಿಸುವ ಬಗೆ: ಬಣ್ಣ ಬಿಡಿ, ಮುಳ್ಳು ಎಣಿಸಿ

ಕೊಡಗಿನ ಕಾಫಿ ತೋಟದ ನೆರಳು ಮರದ ಮೇಲೆ, ಆಗುಂಬೆ ಕಡೆಯ ಕಾಡಂಚಿನ ಪೊದೆಗಳಲ್ಲಿ, ಊರೊಳಗಿನ ಮಾವಿನ ಮರದಲ್ಲೂ ಕಪ್ಪಗೆ ಗಟ್ಟಿ ಮೈಯ ಒಂದು ಇರುವೆ ಓಡಾಡುತ್ತಿರುತ್ತದೆ. ಕೆಲವಕ್ಕೆ ಬೆನ್ನ ಮೇಲೆ ಚಿನ್ನದ ಪುಡಿ ಉದುರಿಸಿದಂಥ ಕೂದಲು. ಕಪ್ಪಗೆ ದಪ್ಪಗಿರುವುದನ್ನೆಲ್ಲ ಗೊದ್ದ ಎನ್ನುವುದು ನಮ್ಮ ರೂಢಿ. ಭೂತಗನ್ನಡಿ ಹಿಡಿದು ನೋಡಿದರೆ ಇದರ ಮೈಮೇಲೆ ಮುಳ್ಳುಗಳು ಕಾಣುತ್ತವೆ. ಇದು ಪಾಲಿರಾಕಿಸ್ ಕುಲದ್ದು. ಹೆಸರು ಗ್ರೀಕಿನದು: ‘ಪಾಲಿ’ ಎಂದರೆ ಬಹು, ‘ರಾಕಿಸ್’ ಎಂದರೆ ಬೆನ್ನೆಲುಬು, ಏಣು. ಇಲ್ಲಿ ಇದನ್ನು ಮುಳ್ಳಿರುವೆ ಎಂದೇ ಕರೆಯೋಣ.

ಬ್ರಿಟಿಷ್ ಕೀಟತಜ್ಞ ಫ್ರೆಡರಿಕ್ ಸ್ಮಿತ್ 1857ರಲ್ಲಿ ಈ ಕುಲವನ್ನು ಕಟ್ಟಿದ. ಈಗ ಇದರಲ್ಲಿ ಸುಮಾರು 700 ಪ್ರಭೇದಗಳಿವೆ, ಅವನ್ನು 13 ಉಪಕುಲಗಳಲ್ಲಿ ಹಂಚಿದ್ದಾರೆ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಬೆಚ್ಚನೆಯ ನಾಡುಗಳಲ್ಲೆಲ್ಲ ಇದೆ. ಅಮೆರಿಕ ಖಂಡಗಳಲ್ಲಿ ಇಲ್ಲ, ಮಡಗಾಸ್ಕರ್‌ನಲ್ಲೂ ಇಲ್ಲ. ಬ್ರೆಜಿಲ್‌ನ ಕಾಡಿನ ಚಿತ್ರಕ್ಕೆ ಯಾರಾದರೂ ಈ ಹೆಸರು ಕೊಟ್ಟಿದ್ದರೆ ಮುಳ್ಳು ಎಣಿಸುವ ಮೊದಲೇ ಅದು ತಪ್ಪೆಂದು ಹೇಳಿಬಿಡಬಹುದು.

ಮೊದಲು ಕುಲ, ಆಮೇಲೆ ಉಳಿದದ್ದು

ಮುಳ್ಳು ಕಂಡ ಕೂಡಲೇ ಪಾಲಿರಾಕಿಸ್ ಎಂದು ಬರೆದುಬಿಡುವುದು ಹೊಸಬರು ಮಾಡುವ ಮೊದಲ ತಪ್ಪು. ಮುಳ್ಳು ಬೇರೆ ಎಷ್ಟೋ ಇರುವೆಗಳಿಗೆ ಇದೆ. ಹತ್ತರಿಂದ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಗನ್ನಡಿ ಇದ್ದರೆ ಈ ಕ್ರಮದಲ್ಲಿ ನೋಡಿ.

ಸೊಂಟದಿಂದ ಶುರು ಮಾಡಿ. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೇ ಇರಬೇಕು. ಇದೇ ನಡುಗಂಟು, ಕೀಲಿಗಳಲ್ಲಿ (ಎರಡೆರಡು ಕವಲಿನ ಪ್ರಶ್ನೆಗಳ ಮೂಲಕ ಹೆಸರು ಹುಡುಕುವ ಪಟ್ಟಿಗಳಲ್ಲಿ) ಪೆಟಿಯೋಲ್. ಗಂಟು ಎರಡಿದ್ದರೆ ಅದು ಬೇರೆ ಉಪಕುಟುಂಬ, ಅಲ್ಲಿಗೇ ನಿಲ್ಲಿಸಿ. ಮರದ ಮೇಲೆ ಕಾಗದದಂಥ ಗೂಡು ಕಟ್ಟುವ ಕ್ರಿಮಾಟೋಗ್ಯಾಸ್ಟರ್‌ಗೂ ಎದೆಯ ಹಿಂಬದಿಯಲ್ಲಿ ಎರಡು ಮುಳ್ಳಿದೆ, ಆದರೆ ಅದಕ್ಕೆ ಗಂಟು ಎರಡು, ಹೊಟ್ಟೆ ಮೇಲಿನಿಂದ ಹೃದಯದ ಆಕಾರ. ಹೊಟ್ಟೆಯನ್ನು ಕೆಳಕ್ಕೆ ಮಡಿಸಿಕೊಂಡು ಓಡುವ ಕಂದು ಬಣ್ಣದ ಮಿರ್ಮಿಕೇರಿಯಾಕ್ಕೂ ಮುಳ್ಳಿದೆ, ಗಂಟು ಎರಡೇ. ಇವೆರಡೂ ಒಂದು ನೋಟದಲ್ಲಿ ಕಳಚಿಕೊಳ್ಳುತ್ತವೆ.

ನಂತರ ಹೊಟ್ಟೆಯ ತುದಿ. ಮುಳ್ಳಿರುವೆಗೆ ಕೊಂಡಿ ಇಲ್ಲ. ತುದಿಯಲ್ಲಿ ಸಣ್ಣ ದುಂಡು ರಂಧ್ರ, ಅದರ ಸುತ್ತ ಕೂದಲಿನ ಅಂಚು. ಫಾರ್ಮಿಕ್ ಆಮ್ಲ ಚಿಮ್ಮುವುದು ಇಲ್ಲಿಂದಲೇ. ಅತಿ ಹೆಚ್ಚು ಮೋಸ ಮಾಡುವ ಡಯಕಮ್ಮ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲೇ. ಡಯಕಮ್ಮ ಕಪ್ಪಗಿದೆ, ಗಂಟು ಒಂದೇ, ಗಂಟಿನ ಮೇಲೆ ಎರಡು ಮುಳ್ಳೂ ಇವೆ. ಆದರೆ ಅದಕ್ಕೆ ಕೊಂಡಿ ಇದೆ, ಹೊಟ್ಟೆಯ ಮೊದಲೆರಡು ಖಂಡಗಳ ನಡುವೆ ದಾರ ಬಿಗಿದಂತೆ ಸಣ್ಣ ಇಕ್ಕಟ್ಟು ಇದೆ, ಮೈಮೇಲೆ ಹೆಬ್ಬೆರಳ ಗುರುತಿನಂಥ ಗೆರೆಗಳು ಸುತ್ತಿಕೊಂಡಿರುತ್ತವೆ. ಆ ಗೆರೆ ಕಂಡರೆ ಮುಂದೆ ನೋಡುವುದೇ ಬೇಡ.

ಮೂರನೆಯದು ಮೀಸೆ. ಬುಡದ ಉದ್ದನೆಯ ಕಡ್ಡಿಯೂ ಸೇರಿ 12 ತುಂಡುಗಳಿರಬೇಕು. ಮೀಸೆ ಹುಟ್ಟುವ ಕುಳಿ ಬಾಯಿಯ ಮೇಲಿನ ತಟ್ಟೆಯ ಹಿಂದಿನ ಅಂಚಿಗೆ ತಾಗಿರಬಾರದು, ಅಲ್ಲಿಂದ ಸ್ಪಷ್ಟವಾಗಿ ದೂರ ಇರಬೇಕು. ಲೆಪಿಸಿಯೋಟ ಎಂಬ ಸಣ್ಣ ಇರುವೆಗೂ ಗಂಟು ಒಂದೇ, ಆಮ್ಲದ ರಂಧ್ರ ಇದೆ, ಎದೆಯ ಹಿಂಬದಿಯಲ್ಲೂ ಗಂಟಿನ ಮೇಲೂ ಚೂಪು ಹಲ್ಲುಗಳಿವೆ. ಅದರ ಮೀಸೆಯಲ್ಲಿ 11 ತುಂಡು ಮಾತ್ರ, ಮೈಯುದ್ದ 2ರಿಂದ 4 ಮಿ.ಮೀ. ನಮ್ಮ ಮುಳ್ಳಿರುವೆಗಳು ಸಾಮಾನ್ಯವಾಗಿ 5 ಮಿ.ಮೀ.ಗಿಂತ ದೊಡ್ಡವು.

ಕೊನೆಗೆ ಉಳಿಯುವುದು ಹತ್ತಿರದ ನೆಂಟ ಕ್ಯಾಂಪೊನೋಟಸ್, ಅಂದರೆ ನಿಜವಾದ ಗೊದ್ದಗಳ ಕುಲ. ಮೀಸೆ, ರಂಧ್ರ, ಗಂಟು ಎಲ್ಲವೂ ಒಂದೇ ಥರ. ಆಗ ಹೊಟ್ಟೆಯನ್ನು ನೇರ ಮೇಲಿನಿಂದ ನೋಡಿ. ಮುಳ್ಳಿರುವೆಯಲ್ಲಿ ಮೊದಲ ಫಲಕ ಹೊಟ್ಟೆಯ ಒಟ್ಟು ಉದ್ದದ ಅರ್ಧದಷ್ಟು ಅಥವಾ ಹೆಚ್ಚು, ಗೊದ್ದದಲ್ಲಿ ಅಷ್ಟಿಲ್ಲ. ಗೊದ್ದದ ಗೂಡಿನಲ್ಲಿ ದೊಡ್ಡ ತಲೆಯವು, ಸಣ್ಣ ತಲೆಯವು ಎಂದು ಆಳುಗಳಲ್ಲೇ (ದುಡಿಯುವ ಇರುವೆಗಳಲ್ಲೇ) ಭೇದ ಇರುತ್ತದೆ, ಮುಳ್ಳಿರುವೆಯ ಆಳುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಕೆಂಪು ತಲೆ, ಚಿನ್ನದ ಹೊಟ್ಟೆಯ ಕ್ಯಾಂಪೊನೋಟಸ್ ಸೆರಿಸಿಯಸ್ ಬಣ್ಣವನ್ನಷ್ಟೇ ನೋಡಿದವರನ್ನು ಪ್ರತಿ ಸಲವೂ ದಾರಿ ತಪ್ಪಿಸುತ್ತದೆ. ಅದರ ಮೈಮೇಲೆ ಒಂದೂ ಮುಳ್ಳಿಲ್ಲ.

ಇರುವೆಯ ವೇಷದ ಜೇಡಗಳೂ ಈ ಪೊದೆಗಳಲ್ಲೇ ಇರುತ್ತವೆ. ಕಾಲು ಎಂಟಿದ್ದರೆ, ಮುಟ್ಟಿದಾಗ ನೂಲಿನಲ್ಲಿ ಇಳಿದರೆ, ಬಿಟ್ಟುಬಿಡಿ.

ಮುಳ್ಳಿನ ಸೂತ್ರ

ಮುಳ್ಳು ಬರುವ ಜಾಗ ಮುಖ್ಯವಾಗಿ ಮೂರು. ಕತ್ತಿನ ಹಿಂದೆಯೇ ಇರುವ ಮುಂದೆದೆ (ಕೀಲಿಗಳಲ್ಲಿ ಪ್ರೊನೋಟಮ್), ಎದೆಯ ಕೊನೆಯ ಇಳಿಜಾರಿನ ಹಿಂದೆದೆ (ಪ್ರೊಪೋಡಿಯಮ್), ಆಮೇಲೆ ನಡುಗಂಟು. ಮೂರೂ ಕಡೆ ಎಣಿಸಿ ಇದೇ ಕ್ರಮದಲ್ಲಿ ಮೂರು ಅಂಕಿ ಬರೆದುಕೊಳ್ಳಿ: 2-2-2, 0-2-3, 0-0-4 ಹೀಗೆ. ಚೂಪಿಲ್ಲದ ಮೂಲೆಯನ್ನು ಮುಳ್ಳೆಂದು ಎಣಿಸಬೇಡಿ, ಪಕ್ಕದಲ್ಲಿ ‘ಮೂಲೆ’ ಎಂದು ಬರೆಯಿರಿ. ಉದ್ದಕ್ಕಿಂತ ಬುಡದ ಅಗಲವೇ ಹೆಚ್ಚಿದ್ದರೆ ‘ಹಲ್ಲು’ ಎನ್ನಿ. ಈ ಮೂರರ ಭೇದ ಮುಂದೆ ಕೆಲಸಕ್ಕೆ ಬರುತ್ತದೆ.

ಎಣಿಕೆ ತಪ್ಪುವುದು ಹೆಚ್ಚಾಗಿ ನಡುಗಂಟಿನಲ್ಲಿ. ಬದಿಯಿಂದ ನೋಡಿದರೆ ಎರಡು ಮುಳ್ಳು ಒಂದರ ಹಿಂದೆ ಒಂದು ಅಡಗಿ ಒಂದೇ ಆಗಿ ಕಾಣುತ್ತವೆ. ಕೆಲವು ಪ್ರಭೇದಗಳಲ್ಲಿ ಹೊರಗಿನ ಎರಡು ಮುಳ್ಳು ಉದ್ದವಾಗಿ ಹೊಟ್ಟೆಯನ್ನು ತೋಳಿನಂತೆ ತಬ್ಬಿರುತ್ತವೆ, ಅವುಗಳ ನಡುವಿನ ಎರಡು ಗಿಡ್ಡ ಹಲ್ಲು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಗಂಟನ್ನು ಬದಿಯಿಂದ, ಮೇಲಿನಿಂದ, ಹಿಂಬದಿಯಿಂದ ಮೂರು ಸಲ ನೋಡಿ. ಮುರಿದ ಮುಳ್ಳೂ ಮೋಸ ಮಾಡುತ್ತದೆ. ತುದಿ ಚೂಪಾಗಿದೆಯೋ, ಮೊಂಡಾಗಿ ಒಳಗಿನ ಪದರ ಕಾಣುತ್ತಿದೆಯೋ ಗಮನಿಸಿ, ಎಡ ಬಲ ಹೋಲಿಸಿ. ಒಂದೇ ಗೂಡಿನ ಮೂರು ನಾಲ್ಕು ಇರುವೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಈ ಎಲ್ಲ ಲೆಕ್ಕ ಆಳಿರುವೆಗೆ ಮಾತ್ರ. ರಾಣಿಯ ಎದೆ ರೆಕ್ಕೆಗಾಗಿ ಉಬ್ಬಿರುತ್ತದೆ, ಮುಳ್ಳು ಗಿಡ್ಡ. ಗಂಡಿಗೆ ಮುಳ್ಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಗಂಡಿರುವೆ ಒಂದೇ ಸಿಕ್ಕಿದರೆ ಪ್ರಭೇದದ ಹೆಸರು ಹೇಳುವ ಸಾಹಸ ಬೇಡ.

ಅಂಚು ಇದೆಯೋ ಇಲ್ಲವೋ

ಮುಳ್ಳಿನ ಸೂತ್ರದ ಜೊತೆಗೆ ಇನ್ನೊಂದೇ ಪ್ರಶ್ನೆ ಕೇಳಿದರೆ ದಕ್ಷಿಣ ಭಾರತದ ಬಹುಪಾಲು ಮುಳ್ಳಿರುವೆಗಳು ತಮ್ಮ ತಮ್ಮ ಉಪಕುಲಕ್ಕೆ ಹೋಗಿ ಕೂರುತ್ತವೆ. ಎದೆಯ ಬೆನ್ನಭಾಗ ಬದಿಗೆ ತಿರುಗುವಲ್ಲಿ ಮೇಜಿನ ಅಂಚಿನಂತೆ ಏಣು ಇದೆಯೋ, ಮಡಕೆಯಂತೆ ದುಂಡಗೆ ಇಳಿಯುತ್ತದೋ? ಇದನ್ನು ತುಸು ಓರೆಯಾಗಿ, ಹಿಂದಿನಿಂದ ಮುಂದಕ್ಕೆ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಏಣು ಇಲ್ಲ, ಬೆನ್ನು ಬಿಲ್ಲಿನಂತೆ ಉಬ್ಬಿ ಕನ್ನಡಿಯಂತೆ ಹೊಳೆಯುತ್ತದೆ, ಸೂತ್ರ 0-0-4 ಎಂದರೆ ಸಿರ್ಟೊಮಿರ್ಮ. ಪಾಲಿರಾಕಿಸ್ ರಾಸ್ಟೆಲ್ಲಾಟ ಇದಕ್ಕೆ ಮಾದರಿ. ಆದರೆ ಹೊಳೆಯುವ ಕಪ್ಪು ಇರುವೆಗಳಿಗೆಲ್ಲ ಈ ಹೆಸರು ಅಂಟಿಸುವ ಚಾಳಿ ಹಳೆಯದು, ಸಂಗ್ರಹಗಳಲ್ಲಿ ಈ ಚೀಟಿಯನ್ನು ಕಣ್ಣುಮುಚ್ಚಿ ನಂಬಬೇಡಿ.

ಏಣು ಇಲ್ಲ, ಮುಂದೆದೆ ಬೋಳು, ಹಿಂದೆದೆಯಲ್ಲಿ ಎರಡು ಮುಳ್ಳು, ಗಂಟಿನ ಮೇಲೆ ತ್ರಿಶೂಲ: 0-2-3. ಇದು ಮಿರ್ಮೋಥ್ರಿನಾಕ್ಸ್, ನಮ್ಮಲ್ಲಿ ಪಾಲಿರಾಕಿಸ್ ಥ್ರಿನಾಕ್ಸ್. ಚಿಕ್ಕ ಇರುವೆ, ಎಲೆಯ ಮೇಲೆ ರೇಷ್ಮೆಯ ಗೂಡು. ಗುರುತಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಇರುವೆ ಇಲ್ಲ, ಗಂಟಿನ ನಡುವಿನ ಮುಳ್ಳು ಸುಳ್ಳು ಹೇಳುವುದಿಲ್ಲ.

ಏಣು ಇಲ್ಲ, ಮುಂದೆ ಹಿಂದೆ ಎರಡೆರಡು ಮುಳ್ಳು, ಗಂಟಿನ ಎರಡು ಮುಳ್ಳು ಹೊಟ್ಟೆಯತ್ತ ಬಾಗಿವೆ: 2-2-2, ಮಿರ್ಮ್‌ಹಾಪ್ಲ. ಟಿಬಿಯಾಲಿಸ್, ಲ್ಯಾಕ್ಟಿಪೆನ್ನಿಸ್ ಇಲ್ಲಿಗೆ ಸೇರುತ್ತವೆ. ಇದು ದೊಡ್ಡ ಉಪಕುಲ, ಒಳಗೆ ಹಲವು ಗುಂಪುಗಳಿವೆ. ಸೂತ್ರ ಹೊಂದಿತೆಂದು ಪ್ರಭೇದಕ್ಕೆ ಹಾರಬೇಡಿ.

ಏಣು ಎದೆಯುದ್ದಕ್ಕೂ ಇದೆ, ಮುಂದೆದೆಯಲ್ಲಿ ನಿಜವಾದ ಮುಳ್ಳು ಇದೆ ಎಂದರೆ ಮಿರ್ಮ. ಸುಮಾರು 10 ಮಿ.ಮೀ. ಉದ್ದದ, ಚಿನ್ನದ ಕೂದಲಿನ ಪಾಲಿರಾಕಿಸ್ ಇಲ್ಲಾಡಾಟ ಇದರದ್ದು. ಹಿಂದೆದೆಯಲ್ಲಿ ಇರುವುದು ಗಿಡ್ಡ ಹಲ್ಲು, ಗಂಟಿನಲ್ಲಿ ಹೊರಗೆ ಎರಡು ಉದ್ದ ಮುಳ್ಳು, ನಡುವೆ ಎರಡು ಚಿಕ್ಕವು.

ಏಣು ಇದೆ, ಬೆನ್ನು ಚಪ್ಪಟೆ, ಆದರೆ ಮುಂದೆದೆಯ ಮುಂತುದಿಯಲ್ಲಿ ಮುಳ್ಳಿನ ಬದಲು ಮೂಲೆ ಅಥವಾ ಅಗಲ ಹಲ್ಲು ಎಂದರೆ ಕ್ಯಾಂಪೊಮಿರ್ಮದ ಕಡೆ ನೋಡಿ. ಪಾಲಿರಾಕಿಸ್ ಎಕ್ಸರ್ಸಿಟ ಆ ಸಾಲಿನದು. ಮಿರ್ಮ, ಕ್ಯಾಂಪೊಮಿರ್ಮಗಳ ನಡುವೆ ಗೊಂದಲವಾಗುವುದು ಮೂಲೆಯನ್ನು ಮುಳ್ಳೆಂದು ಎಣಿಸಿದಾಗಲೇ.

ಕಣ್ಣಿನ ಹಿಂಭಾಗ ಕತ್ತರಿಸಿದಂತೆ ನೇರವಾಗಿದ್ದರೆ ಉಳಿದದ್ದೆಲ್ಲ ಬಿಡಿ, ಅದು ಹೆಮಿಯಾಪ್ಟಿಕ. ಹೆಸರಿನ ಅರ್ಥವೇ ಅರೆಗಣ್ಣು. ದಕ್ಷಿಣ ಭಾರತ, ಶ್ರೀಲಂಕಾಗಳ ಪಾಲಿರಾಕಿಸ್ ಸಿಸ್ಸಾ ಈ ಬಗೆಯದು.

ಗಂಟಿನ ಮುಳ್ಳು ಮೀನಿನ ಗಾಳದಂತೆ ಕೊಂಕಿದ್ದು, ನಡುವೆದೆಯ ಮೇಲೂ ಎರಡು ಮುಳ್ಳಿರುವ ಪಾಲಿರಾಕಿಸ್ ಬೈಹಮಾಟ ಇಡೀ ಕುಲದ ಮಾದರಿ ಪ್ರಭೇದ, ಅಂದರೆ ಕುಲದ ಹೆಸರು ನಿಂತಿರುವುದು ಇದರ ಮೇಲೆ. ಅದು ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದ ಕಡೆಯದು.

ಹಿಡಿಯುವುದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಕಾಡುಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಇರುವೆಯನ್ನೂ ತೆಗೆಯುವಂತಿಲ್ಲ. ತೋಟದಲ್ಲಾದರೆ ಮಾಲೀಕರನ್ನು ಕೇಳಿ. ಮಾದರಿಯನ್ನು ವಿದೇಶದ ತಜ್ಞರಿಗೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲೇ ನೋಡಿಕೊಳ್ಳಿ, ಟಪಾಲಿಗೆ ಹಾಕಿದ ಮೇಲೆ ಅಲ್ಲ.

ಬೆಳಗಿನ ಹೊತ್ತು, ಮಳೆ ನಿಂತ ತಿಂಗಳುಗಳಲ್ಲಿ ಕೆಲಸ ಸುಲಭ. ಎಳೆ ಚಿಗುರು, ಗಿಡಹೇನು ಮುತ್ತಿದ ಕೊಂಬೆ, ತೊಗಟೆಯ ಸಂದು, ಎರಡು ಎಲೆ ಅಂಟಿಕೊಂಡ ಕಡೆ ಹುಡುಕಿ. ಮುಳ್ಳಿರುವೆಗಳಲ್ಲಿ ಹಲವು ಮರಿಹುಳುವಿನ ರೇಷ್ಮೆಯಿಂದ ಗೂಡು ನೇಯುತ್ತವೆ. ಚಗಳಿ ಎಂಬ ಕೆಂಪಿರುವೆಯ ಗೂಡಿನೊಂದಿಗೆ ಇದನ್ನು ಬೆರೆಸಬೇಡಿ. ಚಗಳಿ ಹಸಿ ಎಲೆಗಳನ್ನು ಎಳೆದು ಬಿಳಿ ರೇಷ್ಮೆಯಲ್ಲಿ ಹೊಲಿದು ದೊಡ್ಡ ಗೂಡು ಮಾಡುತ್ತದೆ. ಮುಳ್ಳಿರುವೆಯದು ಸಾಮಾನ್ಯವಾಗಿ ಚಿಕ್ಕದು, ರೇಷ್ಮೆಗೆ ತೊಗಟೆ ಚೂರು, ಒಣ ಕಸ ಮೆತ್ತಿ ಕಂದು ಹಾಳೆಯಂತಿರುತ್ತದೆ. ಗೂಡಿನ ಎಲೆಯನ್ನು ಮೆಲ್ಲಗೆ ತಟ್ಟಿದರೆ ಆಳುಗಳು ಹೊಟ್ಟೆಯನ್ನು ಎಲೆಗೆ ಬಡಿದು ಸರಸರ ಸದ್ದು ಮಾಡುವುದೂ ಉಂಟು.

ಗೂಡು ಹರಿಯಬೇಡಿ. ಹೊರಗೆ ಬಂದ 8–10 ಆಳುಗಳು ಸಾಕು. ತೆಳು ತುದಿಯ ಮೆತ್ತನೆ ಚಿಮಟದಿಂದ ಕಾಲು ಹಿಡಿದು ಎತ್ತಿ. ಎದೆಯನ್ನು ಒತ್ತಿದರೆ ಮುಳ್ಳು ಮುರಿಯುತ್ತದೆ. ಬಾಯಿಂದ ಎಳೆಯುವ ಹೀರುಗೊಳವೆ ಈ ಇರುವೆಗೆ ಒಳ್ಳೆಯದಲ್ಲ, ಆಮ್ಲದ ಆವಿ ಗಂಟಲಿಗೆ ಬರುತ್ತದೆ. ಮುಖ ಹತ್ತಿರ ಒಯ್ಯುವಾಗ ಕಣ್ಣಿಗೂ ಹುಷಾರು.

ಒಂದು ಶೀಶೆಯಲ್ಲಿ ಒಂದೇ ಗೂಡಿನ ಇರುವೆ. ಪಿನ್ನಿಗೆ ಏರಿಸಲು 75% ಎಥನಾಲ್ ಸಾಕು: 95%ದ 75 ಮಿ.ಲೀ.ಗೆ ಶುದ್ಧೀಕರಿಸಿದ ನೀರು 20 ಮಿ.ಲೀ. ಡಿಎನ್‌ಎ ಪರೀಕ್ಷೆಗೂ ಬೇಕೆಂದರೆ ಎರಡು ಮೂರನ್ನು ಬೇರೆ ಶೀಶೆಯಲ್ಲಿ 95%ರಲ್ಲೇ ಇಟ್ಟು ತಂಪಿನಲ್ಲಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿನ ಗ್ಲಿಸರಿನ್ ಒಣಗದೆ ಕೂದಲನ್ನೆಲ್ಲ ಮೈಗೆ ಅಂಟಿಸುತ್ತದೆ.

ಚೀಟಿ ಶೀಶೆಯ ಒಳಗೆ ಇರಬೇಕು, ಪೆನ್ಸಿಲಿನಲ್ಲಿ ಬರೆದಿರಬೇಕು. ಬಾಲ್‌ಪೆನ್ ಶಾಯಿ ಎಥನಾಲಿನಲ್ಲಿ ಒಂದು ರಾತ್ರಿಯಲ್ಲಿ ತೊಳೆದುಹೋಗುತ್ತದೆ. ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಗೂಡು ಎಲ್ಲಿತ್ತು ಇಷ್ಟೂ ಬೇಕು. ‘ಪಶ್ಚಿಮಘಟ್ಟ, ಕಾಡು’ ಎಂದಷ್ಟೇ ಬರೆದ ಮಾದರಿ ಯಾರ ಉಪಯೋಗಕ್ಕೂ ಬರುವುದಿಲ್ಲ.

ಪಿನ್ನಿಗೆ ಏರಿಸುವುದು

ದಪ್ಪ ಬಿಳಿ ಕಾರ್ಡಿನಿಂದ 8–10 ಮಿ.ಮೀ. ಉದ್ದ, ಬುಡದಲ್ಲಿ 3 ಮಿ.ಮೀ. ಅಗಲದ ತ್ರಿಕೋನ ಕತ್ತರಿಸಿ. ಬುಡಕ್ಕೆ 2 ಅಥವಾ 3ನೇ ನಂಬರಿನ ಕೀಟದ ಪಿನ್ ಚುಚ್ಚಿ. ತುದಿಗೆ ನೀರಿನಲ್ಲಿ ಕರಗುವ ಬಿಳಿ ಅಂಟನ್ನು ಸೂಜಿಮೊನೆಯಷ್ಟು ಹಚ್ಚಿ, ಇರುವೆಯ ಬಲಬದಿಯಿಂದ ತೂರಿಸಿ, ನಡುಗಾಲು ಹಿಂಗಾಲುಗಳ ಬುಡದ ನಡುವೆ ಎದೆಯ ತಳಕ್ಕೆ ತಾಗಿಸಿ. ಎಡಬದಿ ಪೂರ್ತಿ ತೆರೆದಿರಬೇಕು, ಕಾಲುಗಳು ಕೆಳಕ್ಕೆ ಇಳಿದಿರಬೇಕು. ಅಂಟು ಜಾಸ್ತಿಯಾದರೆ ಹರಿದು ನಡುಗಂಟನ್ನು ಮುಚ್ಚುತ್ತದೆ, ಅಲ್ಲಿಗೆ ಆ ಮಾದರಿ ಕೆಟ್ಟಿತು. ಸೂಪರ್ ಗ್ಲೂ ಬೇಡವೇ ಬೇಡ, ಬಿಡಿಸಲೂ ಬರುವುದಿಲ್ಲ, ಸುತ್ತ ಬಿಳಿ ಮಂಕೂ ಕಟ್ಟುತ್ತದೆ. ಕೂದಲು ಅಂಟಿಕೊಂಡಿದ್ದರೆ ಏರಿಸುವ ಮೊದಲು ಕಟು ಎಥನಾಲಿನಲ್ಲಿ ಅದ್ದಿ ಒಣಗುವಾಗ ಸಣ್ಣ ಕುಂಚದಿಂದ ಬಾಚಿ.

ಸೂಕ್ಷ್ಮದರ್ಶಕದ ಕೆಳಗೆ

40 ಪಟ್ಟಿನ ಸ್ಟೀರಿಯೋ ಸೂಕ್ಷ್ಮದರ್ಶಕ ಸಾಕು. ಕಷ್ಟ ಬೆಳಕಿನದು. ನೇರ ಎಲ್‌ಇಡಿ ಹಾಕಿದರೆ ಹೊಳೆಯುವ ಮೈಮೇಲೆ ಬಿಳಿ ಚುಕ್ಕೆಗಳಷ್ಟೇ ಕಾಣುತ್ತವೆ, ಮೇಲ್ಮೈಯ ಸುಕ್ಕು, ಗೆರೆ, ಗುಳಿ ಯಾವುದೂ ತಿಳಿಯುವುದಿಲ್ಲ. ಇರುವೆಯ ಸುತ್ತ ಟ್ರೇಸಿಂಗ್ ಕಾಗದದ ಕೊಳವೆ ನಿಲ್ಲಿಸಿ ಅದರ ಹೊರಗಿನಿಂದ ಬೆಳಕು ಬಿಡಿ. ‘ನುಣುಪು’ ಎಂದು ಬರೆದುಕೊಂಡದ್ದು ಎಷ್ಟೋ ಸಲ ‘ಸಣ್ಣ ಜಾಲರಿ’ ಆಗಿಬಿಡುತ್ತದೆ.

ಅಳೆಯಬೇಕಾದದ್ದು ತಲೆಯ ಅಗಲ, ತಲೆಯ ಉದ್ದ, ಮೀಸೆಯ ಬುಡಕಡ್ಡಿ, ಹಿಂಗಾಲಿನ ಮೊಣಕಾಲ ಕೆಳಗಿನ ಭಾಗ. ಕಡ್ಡಿಯ ಉದ್ದವನ್ನು 100ರಿಂದ ಗುಣಿಸಿ ತಲೆಯ ಅಗಲದಿಂದ ಭಾಗಿಸಿದರೆ ಕಡ್ಡಿಯ ಸೂಚ್ಯಂಕ: ತಲೆ 1.20 ಮಿ.ಮೀ., ಕಡ್ಡಿ 1.80 ಎಂದರೆ 150. ತಲೆಯ ಅಗಲವನ್ನು ಎಲ್ಲಿ ಅಳೆಯಬೇಕೆಂಬುದು ಲೇಖಕರಿಂದ ಲೇಖಕರಿಗೆ ಬದಲಾಗುತ್ತದೆ, ಕಣ್ಣು ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಯಾರ ಕೀಲಿ ಹಿಡಿದಿದ್ದೀರೋ ಅವರ ಪದ್ಧತಿಯಲ್ಲೇ ಅಳೆಯಿರಿ. ತಲೆ ವಾಲಿದ್ದರೆ ಉದ್ದ ಕಡಿಮೆ ಬರುತ್ತದೆ, ಮುಂದಿನ ಅಂಚು, ಹಿಂದಿನ ಅಂಚು ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವವರೆಗೆ ತಿರುಗಿಸಿ.

ಬಣ್ಣ ಕೊನೆಗೆ. ಚಿನ್ನದ ಕೂದಲು ವಯಸ್ಸಾದ ಆಳುಗಳಲ್ಲಿ ಉಜ್ಜಿ ಉದುರಿರುತ್ತದೆ. ಆಗತಾನೇ ಕೋಶದಿಂದ ಬಂದವು ಕಂದಾಗಿಯೇ ಇರುತ್ತವೆ.

ಹೆಸರು ಬರೆಯುವಾಗ

ಭಾರತದ ಮುಳ್ಳಿರುವೆಗಳಿಗೆ ಬಿಂಗ್‌ಹ್ಯಾಮ್ 1903ರಲ್ಲಿ ಕೊಟ್ಟ ಕೀಲಿಯನ್ನು ಈಗಲೂ ತೆರೆಯಬೇಕಾಗುತ್ತದೆ. ಅದರಲ್ಲಿನ ಹೆಸರುಗಳಲ್ಲಿ ಹಲವು ಬದಲಾಗಿವೆ, ಅಲ್ಲಿ ಸಿಂಪ್ಲೆಕ್ಸ್ ಎಂದಿರುವುದು ಇಂದು ಲ್ಯಾಕ್ಟಿಪೆನ್ನಿಸ್. ಕೀಲಿಯಲ್ಲಿ ಬಂದ ಹೆಸರನ್ನು ಇರುವೆ ಹೆಸರುಗಳ ಜಾಲತಾಣ ಆಂಟ್‌ಕ್ಯಾಟ್ ಪಟ್ಟಿಯಲ್ಲಿ ಹುಡುಕಿ, ಈಗ ಚಾಲ್ತಿಯಲ್ಲಿರುವುದನ್ನು ಬರೆಯಿರಿ. ಆಂಟ್‌ವೆಬ್ ಎಂಬ ಜಾಲತಾಣದಲ್ಲಿ ಮಾದರಿಗಳ ಮುಖ, ಬದಿ, ಬೆನ್ನಿನ ಚಿತ್ರಗಳಿವೆ. ಚಿತ್ರಕ್ಕೆ ಹೋಲಿಸುವಾಗ ಅದು ಮೂಲ ಮಾದರಿಯೋ (ಪ್ರಭೇದಕ್ಕೆ ಹೆಸರಿಡಲು ಆಧಾರವಾದದ್ದೋ), ಆಮೇಲೆ ಯಾರೋ ಗುರುತಿಸಿದ್ದೋ ನೋಡಿಕೊಳ್ಳಿ.

ಪ್ರಭೇದದ ಹೆಸರಿನ ಮುಂದೆ ಅದನ್ನು ಮೊದಲು ವಿವರಿಸಿದ ಲೇಖಕರ ಹೆಸರೂ ಬರುತ್ತದೆ. ಅದಕ್ಕೆ ಆವರಣ ಹಾಕುವುದು ಶೋಕಿಯಲ್ಲ. ಮೊದಲು ಬೇರೆ ಕುಲದಲ್ಲಿ ವಿವರಿಸಿದ್ದರೆ ಮಾತ್ರ ಆವರಣ. ವಾಕರ್ ಎಂಬ ಕೀಟತಜ್ಞ ಒಂದೇ ವರ್ಷ ಎರಡು ಪ್ರಭೇದಗಳಿಗೆ ಹೆಸರಿಟ್ಟ: ಪಾಲಿರಾಕಿಸ್ ಇಲ್ಲಾಡಾಟ ವಾಕರ್, 1859 ಎಂದೂ ಪಾಲಿರಾಕಿಸ್ ಎಕ್ಸರ್ಸಿಟ (ವಾಕರ್, 1859) ಎಂದೂ ಬರೆಯಬೇಕು. ಎರಡನೆಯದನ್ನು ಆತ ಫಾರ್ಮಿಕ ಕುಲದಲ್ಲಿ ಇಟ್ಟಿದ್ದ.

ಕೀಲಿಯ ಎರಡು ಕವಲೂ ಹೊಂದದೆ ಹೋದರೆ ಹತ್ತಿರದ ಹೆಸರಿಗೆ ತುರುಕಬೇಡಿ. ‘ಪಾಲಿರಾಕಿಸ್ (ಮಿರ್ಮ್‌ಹಾಪ್ಲ) ಪ್ರಭೇದ 1’ ಎಂದು ಬರೆದು, ಮುಳ್ಳಿನ ಸೂತ್ರ, ಅಳತೆ, ಚಿತ್ರಗಳನ್ನು ಜೊತೆಗಿಡಿ. ತಪ್ಪು ಹೆಸರಿಗಿಂತ ಈ ಅಂಕಿ ಎಷ್ಟೋ ವಾಸಿ. ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ), ಏಟ್ರೀ (ಪರಿಸರ ಸಂಶೋಧನೆ) ಸಂಸ್ಥೆಗಳಲ್ಲಿ ಕೀಟ ಸಂಗ್ರಹಗಳಿವೆ. ಹೋಲಿಸಲು ಹೋಗುವಾಗ ಪಿನ್ನಿನ ಮಾದರಿ ಒಯ್ಯಿರಿ, ಮೊಬೈಲಿನ ಚಿತ್ರ ಸಾಲದು.

ಚಿತ್ರವೇ ಗತಿ ಎನ್ನುವವರು ಕನಿಷ್ಠ ನಾಲ್ಕು ತೆಗೆಯಿರಿ: ಮುಖ ನೇರವಾಗಿ, ಎಡಬದಿ, ಮೇಲಿನಿಂದ, ಗಂಟು ಹಿಂಬದಿಯಿಂದ. ಗಂಟು ಕಾಣದ ಚಿತ್ರ ಎಷ್ಟೇ ಚೆಂದ ಇದ್ದರೂ ಉಪಕುಲಕ್ಕೂ ಮುಟ್ಟಿಸುವುದಿಲ್ಲ.

ಮಲೆನಾಡಿನಲ್ಲಿ ಇಟ್ಟ ಪೆಟ್ಟಿಗೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುವುದು ಖಂಡಿತ. ಮುಚ್ಚಳ ಬಿಗಿಯಾಗಿರಲಿ, ಒಳಗೆ ಸಿಲಿಕಾ ಜೆಲ್ ಇರಲಿ, ಬಣ್ಣ ಬದಲಾದ ಕೂಡಲೇ ಅದನ್ನು ಹುರಿದು ಮತ್ತೆ ಹಾಕಿ. ಬೂಷ್ಟು ಬಂದಿದ್ದರೆ ಎಥನಾಲಿನಲ್ಲಿ ಅದ್ದಿದ ಕುಂಚದಿಂದ ಗಂಟಿನ ಕಡೆಯಿಂದ ಹೊರಕ್ಕೆ ಒರೆಸಿ. ಪೆಟ್ಟಿಗೆ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಮನೆಯ ಸಣ್ಣ ಇರುವೆಗಳೇ ಬಂದು ಒಣಗಿದ ಇರುವೆಗಳನ್ನು ಹೊತ್ತುಕೊಂಡು ಹೋಗುತ್ತವೆ.